ಒಂದು, ಮುಂದೆ ಮೂರು

ಭಾಯಿಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಟೇಪಿನ ಅಂಟು ಇರುತ್ತಿತ್ತು. ಸಾಬೂನು ಹಚ್ಚಿ ತಿಕ್ಕಿದರೂ ಹೋಗದ ಅಂಟು. ಆ ಸಂಜೆ ಮಸ್ಕಿ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕುಳಿತು ಅದೇ ಉಗುರಿನಿಂದ ಒಂದು ಫ್ಲಾಪಿಯ ಅಂಚಿನ ಟೇಪನ್ನು ಕೆರೆದು ಕೀಳುತ್ತಿದ್ದರು. ಕಪ್ಪಿನಿಂದ ಬಸಿಗೆ ಹೊಯ್ದ ಚಹಾ ಆರಿ ಕೆನೆ ಕಟ್ಟಿತ್ತು. ಎದುರಿನ ಬೆಂಚಿನಲ್ಲಿ ಅವರ ಲಿಂಗಸುಗೂರಿನ ದೋಸ್ತ, ಬದಿಯಲ್ಲಿ ನಾನು.

“ಚಹಾ ಕುಡಿಯಪಾ ಮೊದಲ. ಫ್ಲಾಪಿ ಎಲ್ಲೀ ಓಡಿ ಹೋಗಂಗಿಲ್ಲ,” ಎಂದರು ದೋಸ್ತ.

“ಫ್ಲಾಪಿ ಓಡಂಗಿಲ್ಲ, ನಿನ್ನ ಬಸ್ಸು ಓಡತೈತಿ.”

ಹೇಳಿ ಮುಗಿಸುವುದರೊಳಗೆ ಲಿಂಗಸುಗೂರಿನ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಭಾಯಿ ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಫ್ಲಾಪಿಯ ಚೀಟಿಯ ಮೇಲೆ ಕನ್ನಡದಲ್ಲಿ ‘ಕಲ್’ ಎಂದು ಬರೆದರು. ಮಸಿ ಆರಲೆಂದು ಎರಡು ಸಲ ಊದಿ ಕೊಟ್ಟರು. “ಕಲ್ ಕಾ ಹೈ, ದೋಸ್ತ. ಮಡಚಬ್ಯಾಡ ಮತ್ತ.” ದೋಸ್ತ ಅದನ್ನು ಪೇಪರಿನ ನಡುವೆ ಇಟ್ಟುಕೊಂಡು ಓಡಿ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು. ಭಾಯಿ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಸಿಂಧನೂರಿನ ಬಸ್ಸಿಗೆ ನಿಂತರು. ನಾನು ಮನೆಗೆ ನಡೆದೆ.

ಅವರಿಬ್ಬರು ಒಟ್ಟಿಗೆ ಕುಳಿತು ಚಹಾ ಕುಡಿದ ಕೊನೆಯ ದಿನ ಅದು. ಭಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನನಗೆ ಪದೇ ಪದೇ ನೆನಪಾಗುವುದು ಅವರ ಸಾವಿನ ದಿನವಲ್ಲ, ಆ ಸಂಜೆ.

ಭಾಯಿ ಸಿಂಧನೂರಿನಲ್ಲಿ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ ಟಿ.ವಿ. ಬಂತು, ಅದನ್ನೂ ಬಿಚ್ಚಿ ಕಲಿತರು. ಆಮೇಲೆ ಅಂಚೆ ಮೂಲಕ ಪಾಠ ತರಿಸಿಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತು, ಹಳೆಯ ಕಂಪ್ಯೂಟರ್ ಒಂದನ್ನು ತಂದು ಅದೇ ಅಂಗಡಿಯಲ್ಲಿಟ್ಟರು. ನಾನು ಪಿ.ಯು.ಸಿ. ಮುಗಿಸಿ ಟೈಪಿಂಗ್ ಪಾಸಾಗಿದ್ದೆ. ದಿನಾಲೂ ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿ ಅವರಲ್ಲಿ ಟೈಪು ಮಾಡುತ್ತಿದ್ದೆ. ಅವರು ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ಊರಿಗೆಲ್ಲ ಅವರು ಭಾಯಿ, ನನಗೂ ಭಾಯಿಯೇ.

ಅವರು ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಅದು ದ್ವೇಷವಲ್ಲ, ರಿಪೇರಿಯವರ ರೂಢಿ. “ಬಿದ್ದಿಲ್ರೀ, ಹಂಗ ಕೆಟ್ಟೈತಿ” ಎಂದು ಜನ ತಂದುಕೊಟ್ಟ ರೇಡಿಯೊಗಳ ಒಡೆದ ಮೂಲೆಗಳನ್ನು ವರ್ಷಗಟ್ಟಲೆ ನೋಡಿದ್ದರು. ಹಾಗಾಗಿ ಯಾವ ಪ್ರಶ್ನೆಯನ್ನಾದರೂ ಎರಡು ಸಲ ಕೇಳುವರು, ಎರಡನೇ ಸಲ ಬೇರೆ ಮಾತಿನಲ್ಲಿ. ಬೆಳಿಗ್ಗೆ “ಬಸ್ಸು ತಡಾ ಆತೇನು?” ಎನ್ನುವರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ “ಮಸ್ಕ್ಯಾಗ ಎಷ್ಟೊತ್ತಿಗೆ ಹತ್ತಿದಿ?” ಎನ್ನುವರು. ಎರಡೂ ಉತ್ತರ ಕೂಡಿದರೆ ನಗುವರು. “ಖರೇ ಹೇಳತಿ ಬಿಡು.” ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾನೂ ಮನೆಯಲ್ಲಿ ತಮ್ಮನನ್ನು ಹಾಗೆಯೇ ಕೇಳತೊಡಗಿದೆ.

ಎಲ್ಲಕ್ಕಿಂತ ಹೆಚ್ಚಿನ ಅನುಮಾನ ಕಂಪ್ಯೂಟರಿನ ಮೇಲೆ. “ಇದಕ್ಕ ಕೊನೀಗೆ ಬರದಾವಂದ ಮಾತು ತಂಗಿ. ಮೊದಲ ಏನಿತ್ತು, ಯಾರು ತಿದ್ದಿದ್ರು ಅಂತ ಕೇಳಿದ್ರ ಬಾಯಿನ ಬಿಡಂಗಿಲ್ಲ.” ನಿಜವೇ. ಒಂದು ಪ್ರೋಗ್ರಾಂ ತಿದ್ದಿ ಉಳಿಸಿದರೆ ಹಿಂದಿನದು ಹೋಯಿತು. ಅದಕ್ಕೇ ಅವರು ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದರು. ಫ್ಲಾಪಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದನ್ನು ಟೇಪಿನಿಂದ ಮುಚ್ಚಿದರೆ ಮಷೀನು ಓದುತ್ತದೆ, ಬರೆಯುವುದಿಲ್ಲ. ಟೇಪು ಕಿತ್ತರೆ ಬರೆಯುತ್ತದೆ. ಟೇಪು ಹಚ್ಚಿದ್ದು ನೋಡಲಿಕ್ಕೆ, ಕಿತ್ತಿದ್ದು ಬರೆಯಲಿಕ್ಕೆ. ಇದು ಅಂಗಡಿಯ ಕಾಯಿದೆ. ಬೆಳಿಗ್ಗೆ ಬಂದ ಕೂಡಲೆ ಪ್ರತಿ ಫೈಲು ಎಷ್ಟು ಅಕ್ಷರದ್ದು ಎಂದು ಪರದೆಯ ಮೇಲೆ ನೋಡಿ, ನಿನ್ನೆ ಬಿಟ್ಟುಹೋದಷ್ಟೇ ಇದೆಯೇ ಎಂದು ತಾಳೆ ಹಾಕುವರು. ಅದಕ್ಕೆ ‘ತೂಕ’ ಎನ್ನುತ್ತಿದ್ದರು. “ಫೈಲಿನ ತೂಕ ನೋಡು. ಯಾವನರ ಕೈ ಹಾಕಿದ್ರ ತೂಕ ಹೇಳತೈತಿ.”

ಪ್ರತಿಯೊಂದಕ್ಕೂ ನಕಲು ಬೇರೆ. ಒಂದು ಅಂಗಡಿಯಲ್ಲಿ, ಒಂದು ಮಸ್ಕಿಯಲ್ಲಿ ನಮ್ಮವ್ವನ ಟ್ರಂಕಿನಲ್ಲಿ, ಒಂದು ಅವರ ಮನೆಯ ಜೋಳದ ಗಡಿಗೆಯಲ್ಲಿ. “ರೊಟ್ಟಿ ಮಾಡಾಕ ಕೈ ಹಾಕಿದ್ರ ಜ್ವಾಳ ಬರತೈತೋ ಇವರ ಪ್ರೋಗ್ರಾಂ ಬರತೈತೋ ಗೊತ್ತಾಗಂಗಿಲ್ಲವ್ವಾ,” ಎಂದು ಅವರ ಹೆಂಡತಿ, ಭಾಭಿ, ನನ್ನ ಮುಂದೆ ಆಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಇದ್ದ ಮನುಷ್ಯ ಒಂದೇ ಒಂದು ಕಡೆ ನಕಲು ಇಡುತ್ತಿರಲಿಲ್ಲ. ಲಿಂಗಸುಗೂರಿನ ದೋಸ್ತನಿಗೆ ಕೊಟ್ಟದ್ದಕ್ಕೆ. ಇಬ್ಬರೂ ಹುಡುಗರಾಗಿದ್ದಾಗ ಲಿಂಗಸುಗೂರಿನಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ರೇಡಿಯೊ ಕಲಿತವರು. ದೋಸ್ತನ ಮನೆಮಾತು ಕನ್ನಡ, ಭಾಯಿಯ ಮನೆಮಾತು ದಖ್ಖನಿ. ಒಬ್ಬರದು ಒಬ್ಬರಿಗೆ ಚೆನ್ನಾಗಿ ಬರುತ್ತಿತ್ತು. ನಾನು ಒಮ್ಮೆ ಕೇಳಿದೆ, “ಭಾಯಿ, ಇದರ ಕಾಪಿ ತಗೀಲಾರದ ಕೊಡಾಕತ್ತೀರಿ?” ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅವನ ಕೈಯಾಗ ಇದ್ರ ನನ್ನ ಕೈಯಾಗ ಇದ್ದಂಗ. ನನ್ನ ಬಲಗೈಯಾಗಿಂದು ಎಡಗೈಯಾಗ ಕಾಪಿ ಇಡಲೇನು?”

ಆಗ ಅವರು ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ನೀರಿನ ಪಾಳಿಯದು. ಕಾಲುವೆಯ ಒಂದು ತೂಬಿನ ಕೆಳಗಿನ ಊರುಗಳವರು ಸೇರಿ ಸಂಘ ಮಾಡಿಕೊಂಡಿದ್ದರು. ಯಾವ ಊರಿಗೆ ಯಾವಾಗ ಎಷ್ಟು ಹೊತ್ತು ನೀರು ಎಂಬುದನ್ನು ಲೆಕ್ಕ ಹಾಕಿ ಕೊಡುವುದು ಭಾಯಿಯ ಪ್ರೋಗ್ರಾಂ. ಅಗಲ ಹಾಳೆಯ ಪ್ರಿಂಟರ್ ಇದ್ದದ್ದು ದೋಸ್ತನ ಬಳಿ. ಹಾಗಾಗಿ ಸಿಂಧನೂರಿನಲ್ಲಿ ತಿದ್ದಿದ್ದು ಮಸ್ಕಿಯಲ್ಲಿ ಕೈ ಬದಲಾಗಿ ಲಿಂಗಸುಗೂರಿನಲ್ಲಿ ಅಚ್ಚಾಗುತ್ತಿತ್ತು. ಆ ಹಾಳೆ ನೋಡಿಕೊಂಡು ನೀರುಗಂಟಿ ತೂಬು ಎತ್ತುತ್ತಿದ್ದ.

ಆ ವರ್ಷ ಕಾಲುವೆಯ ಕೊನೆಯ ಊರಿನಲ್ಲಿ ನೆಲ್ಲು ತೆನೆ ಒಡೆಯುವ ಹೊತ್ತಿಗೆ ನೀರು ಸಾಲದೆ ಬಂತು. ಸಂಘದವರು ಕುಳಿತು, ಈ ಸಲ ಪಾಳಿ ಕೆಳಗಿನಿಂದ ಶುರುವಾಗಲಿ, ಕೊನೆಯ ಊರಿಗೆ ಮೊದಲು ನೀರು ಎಂದು ನಿರ್ಣಯ ಮಾಡಿದರು. ಭಾಯಿ ಅದೇ ದಿನ ಪ್ರೋಗ್ರಾಂನಲ್ಲಿ ಊರುಗಳನ್ನು ತಿರುವಿ ಹಾಕಿದರು. ನಾನು ಪಕ್ಕದಲ್ಲಿದ್ದೆ. ತಿರುವಿದ್ದು ಆ ಫ್ಲಾಪಿಯಲ್ಲೇ. ಮಸ್ಕಿಯಲ್ಲಿ ಕೊಟ್ಟದ್ದು ಅದನ್ನೇ.

ಹಾಳೆ ಅಚ್ಚಾಗಿ ಬಂತು. ಹಳೆಯ ಪಾಳಿಯೇ ಬಂತು. ನೀರುಗಂಟಿ ಮೇಲಿನ ಊರಿಗೆ ಮೊದಲು ನೀರು ಬಿಟ್ಟ. ಗೊತ್ತಾಗುವ ಹೊತ್ತಿಗೆ ಕೊನೆಯ ಊರಿನ ಹೊಲಗಳಲ್ಲಿ ತೆನೆ ಜೊಳ್ಳಾಗಿತ್ತು.

ಆ ಊರಿನ ಹಿರಿಯರೊಬ್ಬರು ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಬೀಗರ ಹೊಲಕ್ಕ ನೀರು ಚಲೋ ಕುಡಿಸಿದಿ ಬಿಡು, ಭಾಯಿ.”

“ಯಾ ಬೀಗರ್ರೀ?”

“ಮ್ಯಾಲಿನ ಊರಾಗ ಮಗಳ್ನ ಕೊಟ್ಟಿಲ್ಲೇನು ನೀನು?”

“ಕೊಟ್ಟೀನ್ರೀ. ಮಗಳ್ನ ಕೊಟ್ಟೀನಿ, ನೀರು ಕೊಟ್ಟಿಲ್ಲ.”

“ಹಂಗಾರ ಯಾರು ಕೊಟ್ರು?”

ಆ ಪ್ರಶ್ನೆಗೆ ಉತ್ತರ ಹುಡುಕಲು ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದರು. ದೋಸ್ತ ಲಿಂಗಸುಗೂರಿನಿಂದ ಆ ಫ್ಲಾಪಿ ಹಿಡಿದುಕೊಂಡು ಬಂದರು. ಚೀಟಿಯ ಮೇಲೆ ‘ಕಲ್’ ಎಂದು ಇನ್ನೂ ಇತ್ತು. ಸಂಘದ ಕಾರ್ಯದರ್ಶಿ ಅದನ್ನು ಕಣ್ಣಿನ ಹತ್ತಿರ ಹಿಡಿದು, “ಏನಿದು ಕಲ್? ಕಲ್ಲು ಅಂತೇನು?” ಎಂದಾಗ ಒಬ್ಬಿಬ್ಬರು ನಕ್ಕರು.

“ಕಲ್ ಅಂದ್ರ ನಾಳೆ. ನಾಳಿಂದ ನಡಸೂದು ಅಂತ ಬರದೀನಿ. ಪ್ರಿಂಟರಿಗೆ ತಕ್ಕಂಗ ಇವ ತಿದ್ದಕೊಳ್ಳಲಿ ಅಂತ ಟೇಪು ಕಿತ್ತೆ,” ಎಂದರು ಭಾಯಿ.

“ಕಲ್ ಅಂದ್ರ ನಿನ್ನೆ ಅಂತನೂ ಆಗತೈತಿ,” ಎಂದರು ದೋಸ್ತ. “ನಾ ನಿನ್ನೇದು ಅಂತ ತಿಳಕೊಂಡೆ. ಹಳೇದು, ಟೇಪು ಬ್ಯಾರೆ ಕಿತ್ತಾನ, ಮ್ಯಾಲ ಬರಕೋ ಅಂತ ಕೊಟ್ಟಾನ ಅಂದಕೊಂಡೆ. ನನ್ನ ಹತ್ರ ಇದ್ದದ್ದನ್ನ ಇದರ ಮ್ಯಾಲ ಹಾಕಿದೆ.”

ದಖ್ಖನಿಯಲ್ಲಿ ಎರಡೂ ಅರ್ಥ ಸರಿಯೇ. ಹೊಸ ಪಾಳಿ ಇದ್ದದ್ದು ಆ ಫ್ಲಾಪಿಯಲ್ಲಿ ಮಾತ್ರ. ಅದರ ಮೇಲೆ ಹಳೆಯದು ಕುಳಿತಿತ್ತು. ಕಾರ್ಯದರ್ಶಿಗೆ ತೂಕದ ವಿಷಯ ಗೊತ್ತಿತ್ತು. “ತೂಕ ನೋಡ್ರಲ್ಲ, ಭಾಯಿ. ಬದಲಾಗಿದ್ರ ತೂಕ ಹೇಳತೈತಿ ಅಂತಿದ್ರಿ.” ಭಾಯಿ ತಲೆ ಅಲ್ಲಾಡಿಸಿದರು. “ಊರು ಹಿಂದಮುಂದ ಆದ್ರ ತೂಕ ಬದಲಾಗಂಗಿಲ್ರೀ. ಅಷ್ಟ ಅಕ್ಷರ, ಅಷ್ಟ ತೂಕ.” ಅವರು ತಮ್ಮ ತಕ್ಕಡಿಯ ಬಗ್ಗೆ ಹಾಗೆ ಹೇಳಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು.

ದೋಸ್ತ ನನ್ನ ಕಡೆ ತಿರುಗಿದರು. “ನೀ ಇದ್ದೆಲ್ಲವಾ ಮಸ್ಕ್ಯಾಗ? ಕೊಡುವಾಗ ಏನಂದ ಇವ?”

ನಾನು ಕೇಳಿದ್ದನ್ನೇ ಹೇಳಿದೆ. “ಕಲ್ ಕಾ ಹೈ ಅಂದ್ರು.”

ಕೊನೆಯ ಊರಿನ ಹಿರಿಯರು ಎದ್ದರು. “ಚಲೋ ಮಾತು ಕಲ್ತೀರಪಾ. ಹಿಂಗ ತಿರುಗಿದ್ರೂ ಸರಿ, ಹಂಗ ತಿರುಗಿದ್ರೂ ಸರಿ. ನಮ್ಮ ನೆಲ್ಲು ಒಂದ ಕಡೆ ತಿರುಗೈತಿ.”

ತಪ್ಪು ತಿಳಿದದ್ದು ಎಂದು ಸಂಘ ಬರೆದುಕೊಂಡಿತು. ಆದರೆ ಹಾಗೆಂದು ಯಾರೂ ನಂಬಲಿಲ್ಲ. ಭಾಯಿ ನನ್ನ ಬಳಿ ಹೇಳಿದರು, “ಅವಗ ನಮ್ಮ ಮಾತು ನನಗಿಂತ ಚಂದ ಬರತೈತಿ ತಂಗಿ. ಕಲ್ ಅಂದ್ರ ಯಾವ ಕಲ್ ಅಂತ ಅವಗ ತಿಳೀಲಿಲ್ಲಂದ್ರ ಹೆಂಗ?” ದೋಸ್ತ ಲಿಂಗಸುಗೂರಿನಲ್ಲಿ ಯಾರ ಬಳಿಯೋ, ದಿನಾಲೂ ತಾರೀಖು ಬರೆಯುವ ಮನುಷ್ಯ ಆ ದಿನ ಮಾತ್ರ ಎರಡು ಬಾಯಿಯ ಶಬ್ದ ಯಾಕೆ ಬರೆದ ಎಂದು ಕೇಳಿದರಂತೆ. ಎರಡೂ ಪ್ರಶ್ನೆ ನನ್ನೊಳಗೆ ಹೊಕ್ಕು ಕುಳಿತವು. ಬೀಗರ ಊರಿನಿಂದ ಭಾಯಿಯ ಮನೆಗೆ ಒಂದು ಚೀಲ ಹೊಸ ಅಕ್ಕಿ ಬಂತು. ಪ್ರತಿ ವರ್ಷವೂ ಬರುತ್ತಿತ್ತು; ಆ ವರ್ಷ ಮಾತ್ರ ನನ್ನ ಕಣ್ಣಿಗೆ ಬಿತ್ತು. ದೋಸ್ತ ಮೇಲಿನ ಊರಿನ ಒಂದು ಮದುವೆಗೆ ಹೋಗಿದ್ದರೆಂದು ಕೇಳಿದೆ. ಅದೂ ಮನಸ್ಸಿನಲ್ಲಿ ಉಳಿಯಿತು. ಅನುಮಾನ ಬಂದ ಮೇಲೆ ಮದುವೆಯ ಊಟವೂ ಸಾಕ್ಷಿಯಾಗುತ್ತದೆ, ಅಕ್ಕಿಯ ಚೀಲವೂ ಸಾಕ್ಷಿಯಾಗುತ್ತದೆ. ಯಾವುದೂ ಏನನ್ನೂ ಹೇಳುವುದಿಲ್ಲ.

ಮಸ್ಕಿಯ ಚಹಾ ನಿಂತುಹೋಯಿತು. ಪಾಳಿಯ ಕೆಲಸ ಭಾಯಿಯ ಬಳಿಯೇ ಉಳಿಯಿತು. ಆದರೆ ಅವರು ತಿದ್ದಲು ಕುಳಿತಾಗಲೆಲ್ಲ ಕೊನೆಯ ಊರಿನವನೊಬ್ಬ ಬಂದು ಹಿಂದೆ ಕೂರುತ್ತಿದ್ದ. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ಅವನಿಗೆ ತಿಳಿಯುತ್ತಿರಲಿಲ್ಲ. ಆದರೂ ಕಣ್ಣು ಕೀಳದೆ ನೋಡುತ್ತಿದ್ದ. ನನಗೆ ಅವಮಾನವಾಗುತ್ತಿತ್ತು. ಭಾಯಿ ಅವನಿಗೂ ಚಹಾ ತರಿಸುವರು. “ಕೂಡ್ರಲಿ ತಂಗಿ. ಅವನ ಜಾಗದಾಗ ನಾನಿದ್ರೂ ಕೂಡ್ರತಿದ್ದೆ.”

ಕೆಲವು ವರ್ಷಗಳ ನಂತರ ಅಂಗಡಿಗೆ ಹೊಸ ಮಷೀನು ಬಂತು. ಅದರೊಂದಿಗೆ ಭಾಯಿ ಎಲ್ಲಿಂದಲೋ ಇನ್ನೊಂದು ಪ್ರೋಗ್ರಾಂ ತರಿಸಿದರು. ಫೈಲಿನ ಪ್ರತಿಯೊಂದು ತಿದ್ದುಪಡಿಯನ್ನೂ ಅಂಕಿ ಹಾಕಿ, ಯಾರು, ಯಾವಾಗ, ಯಾಕೆ ಎಂದು ಕೇಳಿ, ಹಳೆಯ ಪ್ರತಿಗಳನ್ನೆಲ್ಲ ಕಾಯ್ದಿಡುವ ಪ್ರೋಗ್ರಾಂ. ಅವರು ಅದನ್ನು ‘ಸಾಕ್ಷಿ’ ಎಂದು ಕರೆದರು. ಮಗು ಹುಟ್ಟಿದ ಮನೆಯವರ ಹಾಗೆ ಒಂದು ವಾರ ಓಡಾಡಿದರು.

ಸಂತೋಷ ಬಹಳ ದಿನ ಉಳಿಯಲಿಲ್ಲ. ನಾವು ಬರೆಯಲು ಬಳಸುವ ಪ್ರೋಗ್ರಾಂಗೂ ಈ ಸಾಕ್ಷಿಗೂ ಮಾತೇ ಇರಲಿಲ್ಲ. ತಿದ್ದಬೇಕೆಂದರೆ ಆ ಬರೆಯುವ ಪ್ರೋಗ್ರಾಂ ಮುಚ್ಚಿ, ಅಪ್ಪಣೆ ಹೊಡೆಯುವ ಕರಿ ಪರದೆಗೆ ಬಂದು, ಸಾಕ್ಷಿಯಿಂದ ಫೈಲು ಬಿಡಿಸಿಕೊಂಡು, ಮತ್ತೆ ಬರೆಯುವುದನ್ನು ತೆರೆದು ತಿದ್ದಿ, ಮತ್ತೆ ಮುಚ್ಚಿ ಬಂದು ಒಪ್ಪಿಸಬೇಕು. ಮುಚ್ಚುವುದನ್ನು ಮರೆತರೆ, ತೆರೆದೇ ಇದ್ದ ಹಳೆಯದು ಹೊಸದರ ಮೇಲೆ ಬಂದು ಕೂರುತ್ತಿತ್ತು. ಸಾಕ್ಷಿಗೆ ಅದರ ಸುಳಿವೂ ಇಲ್ಲ. ಅಚ್ಚಿನ ಹಾಳೆಯ ವಿನ್ಯಾಸ ಇಡುವ ಫೈಲುಗಳ ಒಳಗೆ ಅದಕ್ಕೆ ಕಣ್ಣೇ ಹೋಗುತ್ತಿರಲಿಲ್ಲ. ‘ಬದಲಾಗಿದೆ’ ಎಂದಷ್ಟೇ ಹೇಳುತ್ತಿತ್ತು.

“ಬದಲಾಗ್ಯಾದ ಅಂತ ಹೇಳಾಕ ನೀ ಯಾಕ ಬೇಕಲೇ?” ಎಂದು ಭಾಯಿ ಪರದೆಗೆ ಬೈಯುತ್ತಿದ್ದರು. “ಏನು ಬದಲಾಗ್ಯಾದ ಹೇಳು ಮಗನ.” ಆಮೇಲೆ ನನ್ನ ಕಡೆ ತಿರುಗಿ, “ಒಂದ ಮನ್ಯಾಗ ಮಾತು ಬಿಟ್ಟ ಅಣ್ಣತಮ್ಮರಿದ್ದಂಗ ನೋಡು ಇವೆರಡು. ನಡುವ ನಾವು ಅಡ್ಡಾಡಬೇಕು,” ಎಂದರು.

ಬಿಡಲಿಲ್ಲ ಮಾತ್ರ. ಎರಡು ಸಣ್ಣ ಅಪ್ಪಣೆ ಮಾಡಿಕೊಂಡರು: ‘ತೆಗಿ’, ‘ಇಡು’. ಇಂಗ್ಲಿಷ್ ಅಕ್ಷರದಲ್ಲಿ ‘ತೆಗಿ’ ಎಂದು ಹೊಡೆದರೆ ಸಾಕ್ಷಿ ಫೈಲು ಕೊಡುತ್ತಿತ್ತು, ‘ಇಡು’ ಎಂದರೆ ಇಟ್ಟುಕೊಳ್ಳುತ್ತಿತ್ತು. ಅಷ್ಟಾದರೂ ನಮ್ಮ ಮಾತು ಕೇಳಿತು.

ಪಾಳಿಯ ಪ್ರೋಗ್ರಾಂ ಒಳಗೆ ಹಾಕುವ ದಿನ ಕೀಲಿಮಣೆಯ ಮುಂದೆ ನಾನಿದ್ದೆ. ನಮ್ಮವ್ವನ ಟ್ರಂಕಿನಿಂದ ತಂದ ಹಳೆಯ ಪ್ರತಿಯನ್ನು ಮೊದಲು ಇಡಿಸಿದರು. “ಇದು ಒಂದು.” ಆಮೇಲೆ ಆಗ ನಡೆಯುತ್ತಿದ್ದ ಪ್ರತಿ. “ಇದಕ್ಕ ಮೂರು ಅಂತ ಹಾಕು.”

“ಎರಡಲ್ಲೇನು, ಭಾಯಿ?”

“ಮೂರು.”

“ಎರಡೆಲ್ಲಿ ಐತಿ ಮತ್ತ?”

“ಎರಡು ಲಿಂಗಸೂರಾಗ ಐತಿ,” ಎಂದರು.

ಊರು ತಿರುವಿ ಹಾಕಿದ ಆ ಪ್ರತಿ ಅಳಿಸಿಹೋಗಿದೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಮೂರು ಎಂದು ಹೊಡೆದೆ. ಆ ಮಾತು ದೂರೋ ಅಥವಾ ಬಿಟ್ಟುಕೊಟ್ಟ ಜಾಗವೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಮಾತ್ರ ಹೇಳಿದರು, ಪರದೆ ನೋಡುತ್ತಲೇ: “ಇದು ಬಂದ ದಿನದಿಂದ ಸಾಕ್ಷಿ ಹೇಳತೈತಿ ತಂಗಿ. ಅದಕ್ಕಿಂತ ಹಿಂದಿಂದು ಇದಕ್ಕೂ ಗೊತ್ತಿಲ್ಲ.”

ಕಳೆದ ವರ್ಷ ಒಂದು ದಿನ ಬೆಳಗಿನ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ನಾನು ಹೋದಾಗ ಭಾಭಿ ನನ್ನ ಕೈ ಹಿಡಿದುಕೊಂಡು ಏನೇನೋ ಹೇಳಿದರು. ಅದರಲ್ಲಿ ಒಂದು ನೆನಪಿದೆ. “ಮನ್ಯಾಗ ಕಲ್ ಅನ್ನೂದ ಬಿಟ್ಟಿದ್ರವ್ವಾ. ನಾ ‘ಕಲ್ ಮಗಳ ಊರಿಗೆ ಹೋಗೂಣು’ ಅಂದ್ರ, ‘ನಿನ್ನಿ ಹೋಗೂಣೇನು?’ ಅಂತಿದ್ರು. ಕನ್ನಡದಾಗ ಹೇಳು ಅಂತಿದ್ರು.” ನಗುತ್ತಲೇ ಅಳತೊಡಗಿದರು. ನನ್ನ ಕಣ್ಣು ಹಾಸಿಗೆಯ ಮೇಲಿನ ಕೈಯ ಕಡೆ ಹೋಯಿತು. ಉಗುರು ಸ್ವಚ್ಛವಾಗಿತ್ತು. ಹೊಸ ಫ್ಲಾಪಿಗಳಿಗೆ ಟೇಪು ಬೇಕಿರಲಿಲ್ಲ.

ದೋಸ್ತ ಬಂದರು. ಮಣ್ಣು ಕೊಟ್ಟು ಬಂದವರು ಮನೆಯೊಳಗೆ ಬರದೆ ರಸ್ತೆಯಲ್ಲೇ ನಿಂತಿದ್ದರು. ಸಂಜೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಮಸ್ಕಿಗೆ ಬಂದೆವು. ಅವರು ಅಲ್ಲಿ ಇಳಿಯಬೇಕಾಗಿರಲಿಲ್ಲ; ಇಳಿದರು. ಅದೇ ಅಂಗಡಿಯಲ್ಲಿ ಚಹಾ ಹೇಳಿದರು.

“ಅವತ್ತು ಅವ ಏನಂದವ್ವಾ?”

“ಕಲ್ ಕಾ ಹೈ ಅಂದ್ರು.”

“ಹೌದು. ಅಷ್ಟ ಅಂದ.” ಬಸಿಯನ್ನು ಕೈಯಲ್ಲಿ ತಿರುಗಿಸಿದರು. “ನಾ ಬಸ್ಸಿನಾಗ ಕೂತು ಚೀಟಿ ನೋಡಿದೆ. ನಿನ್ನೇದು ಅಂತನ ತಿಳೀತು. ಖರೇ ಹೇಳತೀನಿ.”

ನಾನು ಬೇರೆ ಮಾತು ತೆಗೆದೆ. ಅವರ ಮಕ್ಕಳ ಬಗ್ಗೆ ಕೇಳಿದೆ, ಅಂಗಡಿಯ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ, “ಅವತ್ತು ಬಸ್ಸು ಭಾಳ ತುಂಬಿತ್ತಲ್ರೀ, ಓದಾಕರ ಆತೇನು?” ಎಂದೆ.

“ಎಲ್ಲೀದು. ನಿಂತಕೊಂಡ ಹೋದೆ ಲಿಂಗಸೂರ ತನಕ. ಮನಿಗೆ ಹೋಗಿ ದೀಪದಾಗ ನೋಡಿದೆ.”

ಎರಡು ಉತ್ತರ ಕೂಡಲಿಲ್ಲ. ಸುಳ್ಳೋ, ವಯಸ್ಸಿನ ಮರೆವೋ, ದುಃಖದಲ್ಲಿ ಬಾಯಿ ತಪ್ಪಿದ್ದೋ. ಭಾಯಿ ಇದ್ದಿದ್ದರೆ ಮೂರನೇ ಸಲ ಕೇಳುತ್ತಿದ್ದರೋ ಬಿಡುತ್ತಿದ್ದರೋ ಗೊತ್ತಿಲ್ಲ. ನಾನು ಕೇಳಲಿಲ್ಲ. ಕೇಳುವುದನ್ನು ಕಲಿಸಿದವರು ನಿಲ್ಲಿಸುವುದು ಎಲ್ಲಿ ಎಂದು ಕಲಿಸದೆ ಹೋದರು. ಅದರ ಬದಲು ಅಂಕಿಯ ವಿಷಯ ಹೇಳಿದೆ: ಒಂದರ ಮುಂದೆ ಮೂರು ಬರೆಸಿದ್ದು, ಎರಡು ಲಿಂಗಸುಗೂರಿನಲ್ಲಿದೆ ಎಂದದ್ದು.

ದೋಸ್ತ ಬಸಿಯನ್ನು ಬೆಂಚಿನ ಮೇಲಿಟ್ಟರು. “ನನ್ನ ಹತ್ರ ಇಲ್ಲವ್ವಾ ಅದು,” ಎಂದರು. “ಅವಗ ಗೊತ್ತಿತ್ತು.” ಮತ್ತೆ, “ಗೊತ್ತಿದ್ದೂ ಜಾಗಾ ಬಿಟ್ಟಾನೇನು?” ಎಂದರು. ಅವರ ಬಸ್ಸು ಬಂತು. ಬಸಿಯ ಚಹಾ ಹಾಗೆಯೇ ಇತ್ತು.

ಭಾಭಿ ಆ ಮಷೀನನ್ನು ನನಗೆ ಕೊಟ್ಟಿದ್ದಾರೆ. ಮಸ್ಕಿಯ ಮನೆಯಲ್ಲಿ, ನಮ್ಮವ್ವನ ಟ್ರಂಕಿನ ಪಕ್ಕ ಇಟ್ಟಿದ್ದೇನೆ. ಪಾಳಿಯ ಕೆಲಸ ಈಗ ನಾನೇ ಮಾಡುತ್ತೇನೆ. ತಿದ್ದುವ ಮೊದಲು ‘ತೆಗಿ’ ಎನ್ನುತ್ತೇನೆ, ತಿದ್ದಿದ ಮೇಲೆ ‘ಇಡು’ ಎನ್ನುತ್ತೇನೆ. ಯಾಕೆ ತಿದ್ದಿದೆ ಎಂದು ಅದು ಕೇಳುತ್ತದೆ, ಬರೆಯುತ್ತೇನೆ. ಒಮ್ಮೊಮ್ಮೆ ಎಲ್ಲ ಪ್ರತಿಗಳನ್ನೂ ಸಾಲಾಗಿ ತೋರಿಸು ಎಂದು ಕೇಳುತ್ತೇನೆ. ಒಂದು ಇದೆ. ಮೂರು ಇದೆ, ಅದರ ಮುಂದಿನವೆಲ್ಲ ಇವೆ. ಎರಡು ಇಲ್ಲ.